ಮಜ್ಜೆಪುರದ ಕರಿದಾರ

ಬಹಳ ಹಿಂದೆ, ಬಿಳಿ ಎಲುಬಿನ ಬೆಟ್ಟದೊಳಗೆ ಮಜ್ಜೆಪುರವೆಂಬ ರಾಜ್ಯವಿತ್ತು. ಬೆಟ್ಟದ ನಡುವಿನ ಗವಿಯಲ್ಲಿ, ಮನೆಗೊಬ್ಬಳಂತೆ ಒಪ್ಪಿಸಿದ ಹೆಣ್ಣುಮಕ್ಕಳು ಮಲಗಿರುತ್ತಿದ್ದರು. ಕರೆ ಬಂದಾಗ ಒಬ್ಬಳು ಕಣ್ಣು ಬಿಡುತ್ತಿದ್ದಳು, ಒಬ್ಬಳಿದ್ದವಳು ಇಬ್ಬರಾಗುತ್ತಿದ್ದಳು. ಒಬ್ಬಳು ಹೊರಗೆ ಬಂದು ಸೈನಿಕಳೋ, ಊರಿಗೆ ಉಸಿರು ಹೊರುವವಳೋ, ಒಡೆದ ಗೋಡೆ ಮೆತ್ತುವವಳೋ ಆಗುತ್ತಿದ್ದಳು. ಇನ್ನೊಬ್ಬಳು ಮಗ್ಗುಲಾಗಿ ಮತ್ತೆ ನಿದ್ದೆ ಹೋಗುತ್ತಿದ್ದಳು.

ಕರೆಯುವುದು ಮಣ್ಣಿನ ಗೊಂಬೆಗಳ ಕೆಲಸ. ರಾಜ ಆಡಿದ ಮಾತನ್ನು ಅವು ಕೂಗುತ್ತಿದ್ದವು. ಕೆಲಸ ಮುಗಿದೊಡನೆ ನಾಗಾಜಿ ಎಂಬಾಕೆ ಗೊಂಬೆಯ ಕೊರಳಿಗೆ ಕರಿದಾರ ಕಟ್ಟುತ್ತಿದ್ದಳು. ಬೇರೆ ಊರುಗಳಲ್ಲಿ ಕರಿದಾರ ಕಟ್ಟುವುದು ದೃಷ್ಟಿ ತಾಗದಿರಲಿ ಎಂದು. ಇಲ್ಲಿ ಅದನ್ನು ಕಟ್ಟಿದರೆ ಬೀಸುಕಲ್ಲಿಗೆ ಹೋಗು ಎಂದರ್ಥ. ಬೀಸಿದ ಮಣ್ಣಿನಲ್ಲೇ ಹೊಸ ಗೊಂಬೆ. ಇಂಥ ಕೆಲಸದವಳನ್ನು ಕಂಡರೆ ಜನ ಮುಖ ತಿರುಗಿಸುತ್ತಿದ್ದರು. ಅವಳಿಗೆ ಅದರ ಚಿಂತೆಯಿರಲಿಲ್ಲ. ಗವಿಯಲ್ಲಿ ತಂಗಿ ಮಲ್ಲಾಜಿ ನೆಮ್ಮದಿಯಾಗಿ ಮಲಗಿದ್ದರೆ ಅವಳಿಗೆ ಸಾಕಿತ್ತು.

ಹೀಗಿರುವಾಗ ಅಕ್ಷಯಸಿದ್ಧನೆಂಬ ಮಾಟಗಾರ ಬಂದ. ರಾಜನ ಮಾತು ಸಾಯದಿರುವಷ್ಟು ಕಾಲ ಅವನಿಗೂ ಸಾವಿರಲಿಲ್ಲ.

"ಮಹಾಪ್ರಭು, ತಮ್ಮಂಥವರ ಮಾತು ಮಣ್ಣಾಗುವುದೇ?" ಎಂದ.

ರಾಜ ಉಬ್ಬಿಹೋದ. ಕರಿದಾರ ನಿಷೇಧಿಸಿದ. ಬೀಸುಕಲ್ಲನ್ನು ಮಾಟಗಾರನ ಕೋಟೆಗೆ ಸಾಗಿಸಿದ. ಬುದ್ಧಿಯನ್ನೂ ಅದರ ಜೊತೆಗೇ ಕಳಿಸಿದನೆಂದು ಕಾಣುತ್ತದೆ.

ಗೊಂಬೆಗಳು ಬಾಯಿ ಮುಚ್ಚಲಿಲ್ಲ. ಶತ್ರು ಓಡಿಹೋದ ಮೇಲೂ ಸೈನಿಕರು ಬನ್ನಿ, ಸೈನಿಕರು ಬನ್ನಿ ಎಂದು ಕೂಗಿದವು. ಗವಿಯಲ್ಲಿ ಒಬ್ಬಳು ಇಬ್ಬರಾಗಿ, ಇಬ್ಬರೂ ಎದ್ದು ಹೊರಟರು. ಶತ್ರುವಿಲ್ಲದ ಸೈನ್ಯ ಊರಿನ ಕಣಜ ತಿಂದಿತು, ಆಮೇಲೆ ಊರಿನವರ ಮೇಲೇ ಬಿತ್ತು. ಎದ್ದವರೆಲ್ಲ ಸೈನಿಕರೇ ಆಗಿ, ಉಸಿರು ಹೊರುವವರಿಲ್ಲದೆ ತೊಟ್ಟಿಲ ಕೂಸುಗಳು ನೀಲಿಗಟ್ಟಿದವು. ಗವಿಯ ಬಾಗಿಲು ಕಾಣದಂತೆ ಸೈನ್ಯ ಕಿಕ್ಕಿರಿದಿತ್ತು. ತಂಗಿ ಇನ್ನೂ ಮಲಗಿದ್ದಾಳೋ ಇಲ್ಲವೋ ನಾಗಾಜಿಗೆ ತಿಳಿಯಲಿಲ್ಲ. ದಾರದ ಉಂಡೆಯನ್ನು ಸೆರಗಿಗೆ ಕಟ್ಟಿಕೊಂಡು ಅವಳು ಬೀಸುಕಲ್ಲಿದ್ದ ಕೋಟೆಗೆ ನಡೆದಳು.

ಮೊದಲ ಬಾಗಿಲಲ್ಲಿ ಒಂದು ಮಾಯದ ನಾಯಿ. ಬೊಗಳು ಎಂಬ ಮಾತಿನ ಗೊಂಬೆ ಅದರ ಕೊರಳಲ್ಲಿತ್ತು. ಸಾಕು ಎನ್ನುವವರಿಲ್ಲದೆ ಬೊಗಳಿ ಬೊಗಳಿ ಅದರ ಬಾಯಲ್ಲಿ ರಕ್ತ ಬರುತ್ತಿತ್ತು. ನಾಗಾಜಿ ಗೊಂಬೆಗೆ ದಾರ ಕಟ್ಟಿದಳು. ನಾಯಿ ಅವಳ ಕೈ ನೆಕ್ಕಿ ಮಲಗಿತು. ಕೊರಳಿನ ಮಾತಿನೊಡನೆ ಅದರ ಉಸಿರೂ ನಿಂತಿತು, ಏಳಲಿಲ್ಲ.

ಎರಡನೆಯ ಬಾಗಿಲಲ್ಲಿ ಒಂದು ಮಾಯದ ಆನೆ. ತುಳಿ ಎಂಬ ಮಾತು ಅದರ ಕೊರಳಲ್ಲಿತ್ತು. ತುಳಿಯಲು ಏನೂ ಉಳಿಯದೆ ಅದು ತನ್ನ ಮರಿಯನ್ನೇ ತುಳಿದಿತ್ತು. ನಾಗಾಜಿ ದಾರ ಕಟ್ಟಿದಳು. ಆನೆ ಮರಿಯ ಪಕ್ಕ ಮಲಗಿತು, ಅದೂ ಏಳಲಿಲ್ಲ.

ಮೂರನೆಯ ಬಾಗಿಲಲ್ಲಿ ಕತ್ತಿ ಹಿಡಿದು ಮಲ್ಲಾಜಿ ನಿಂತಿದ್ದಳು. ತಡೆ ಎಂಬ ಮಾತಿನ ಗೊಂಬೆ ಅವಳ ಕೊರಳಲ್ಲಿತ್ತು.

ನಾಗಾಜಿ ಕತ್ತಿಯನ್ನು ಲೆಕ್ಕಿಸದೆ ತಂಗಿಯ ಹತ್ತಿರ ಹೋದಳು. ಮನೆಗೆ ಬಾ, ಮತ್ತೆ ಗವಿಯಲ್ಲಿ ಮಲಗಿಸುತ್ತೇನೆ ಎಂದು ಗೋಗರೆದಳು.

"ಆಗಲ್ಲ ಅಕ್ಕ. ಎದ್ದು ಸೈನಿಕಳಾದ ಮೇಲೆ ಮತ್ತೆ ಆ ನಿದ್ದೆ ಬರಲ್ಲ," ಎಂದಳು ಮಲ್ಲಾಜಿ. ಕತ್ತಿ ಹಿಡಿದ ಕೈ ಅವಳು ಬೇಡವೆಂದರೂ ಮೇಲೇಳುತ್ತಿತ್ತು. "ಗವೀಲಿ ಒಂದು ಮಗು ಇನ್ನೂ ಮಲಗಿದೆ. ಅದೂ ಎದ್ದರೆ ಮುಗೀತು. ಬೇಗ ಕಟ್ಟು."

"ನಿನಗೋಸ್ಕರ ಬಂದೆ ಕಣೇ."

"ಗೊತ್ತು. ಕಟ್ಟು ಅಕ್ಕ."

ಎಷ್ಟೋ ಗೊಂಬೆಗಳಿಗೆ ಕಣ್ಣು ಮುಚ್ಚಿಕೊಂಡು ಗಂಟು ಹಾಕಿದ್ದ ಬೆರಳುಗಳಿಗೆ ಅಂದು ಗಂಟು ಬರಲಿಲ್ಲ. ಮಲ್ಲಾಜಿಯೇ ದಾರದ ತುದಿ ಹಿಡಿದುಕೊಟ್ಟಳು. ನಾಗಾಜಿ ಕಟ್ಟಿದಳು. ಕತ್ತಿ ಕೆಳಗೆ ಬಿತ್ತು. ಮಲ್ಲಾಜಿ ಅಕ್ಕನ ತೊಡೆಯ ಮೇಲೆ ತಲೆಯಿಟ್ಟು ಮಲಗಿದಳು. ಅವಳೂ ಏಳಲಿಲ್ಲ.

ನಾಗಾಜಿ ಅಳುತ್ತಲೇ ಮೂರು ಗೊಂಬೆಗಳನ್ನೂ ಬಿಚ್ಚಿಕೊಂಡು ಒಳಗೆ ಹೋಗಿ ಬೀಸಿದಳು. ರಾಜನ ಮಾತು ಮಣ್ಣಾಯಿತು. ಮಾಟಗಾರ ಕೂತಲ್ಲೇ ಪುಡಿಯಾದ. ಅವನ ಮಾಟ ಮುರಿದು ರಾಜ್ಯದ ಗೊಂಬೆಗಳೆಲ್ಲ ಬಾಯಿ ಮುಚ್ಚಿದವು, ಸೈನ್ಯ ಕತ್ತಿ ಕೆಳಗಿಟ್ಟಿತು.

ಗವಿಯಲ್ಲಿ ಉಳಿದಿದ್ದ ಮಗು ಯಾರ ಮನೆಯದೋ. ಅದು ಇಬ್ಬರಾಯಿತು, ನಾಲ್ವರಾಯಿತು, ನಿಧಾನವಾಗಿ ಗವಿ ತುಂಬಿತು. ಕೂಸುಗಳ ಮೈ ಕೆಂಪಾಯಿತು. ರಾಜ ಮಾತು ಕಡಿಮೆ ಮಾಡಿದ. ಮಜ್ಜೆಪುರದವರೆಲ್ಲ ಸುಖವಾಗಿದ್ದರು.

ಮಲ್ಲಾಜಿಯ ಕೊರಳಲ್ಲಿದ್ದ ಮಣ್ಣಿನಿಂದಲೂ ಹೊಸ ಗೊಂಬೆಯೊಂದು ಆಯಿತು. ಅದರ ಕೆಲಸ ಮುಗಿದ ದಿನ ನಾಗಾಜಿ ಅದನ್ನು ತುಸು ಹೊತ್ತು ಮಡಿಲಲ್ಲಿಟ್ಟುಕೊಂಡು ಕೂತಳು. ಆಮೇಲೆ ದಾರ ಕಟ್ಟಿದಳು.