ಅಲೆಗಳ ನಡುವೆ ಕೂಗಿದ ಹೆಸರು

“ಯಾರಿವಳು?”

ಕಪೋಲಿಯ ಕೈಯಲ್ಲಿ ನಾರುಬಟ್ಟೆ ಬಡಿಯುವ ಕೊಡತಿ ಹಾಗೇ ನಿಂತುಹೋಗಿತ್ತು. ಒಆಹು ದ್ವೀಪದ ಯುದ್ಧ ಗೆದ್ದು, ಭುಜದ ಮೇಲೆ ಇನ್ನೂ ಮಾಯದ ಗಾಯ ಹೊತ್ತು ಗಂಡ ಕೈವಿ ಅಂಗಳಕ್ಕೆ ಬಂದಿದ್ದ. ಅವನ ಬೆನ್ನ ಹಿಂದೆ ತಲೆ ತಗ್ಗಿಸಿ ನಿಂತವಳಿಗೆ ಹೆಚ್ಚೆಂದರೆ ಇಪ್ಪತ್ತು.

“ಮೊಆನಿ ಅಂತ. ಒಆಹುವಿನವಳು. ಇನ್ಮೇಲೆ ಇಲ್ಲೇ ಇರ್ತಾಳೆ... ನನ್ನ ಹೆಂಡತಿಯಾಗಿ.”

“ನಮ್ಮಣ್ಣನ್ನ ಕೊಂದ ಜನದವಳು!”

“ಅವಳಪ್ಪನ್ನ ನಾವೂ ಬೆಟ್ಟದಂಚಿಂದ ತಳ್ಳಿದೀವಿ ಕಪೋಲಿ. ದ್ವೀಪಗಳೆಲ್ಲ ಒಂದಾಗ್ಬೇಕು ಅನ್ನೋದು ಅರಸರ ಆಸೆ. ಗೆದ್ದ ಕಡೆಯಿಂದ ಎಲ್ಲರೂ ಹೆಣ್ಣು ತರ್ತಿದಾರೆ.”

“ಓಹೋ! ಕಮೆಹಮೆಹ ಅರಸರಿಗೆ ದ್ವೀಪ ಬೇಕಾದ್ರೆ ನಿಮಗೆ ಹೆಣ್ಣು ಬೇಕಾಯ್ತಾ?”

ಕೈವಿ ಈಟಿಯನ್ನು ಗೋಡೆಗೆ ಒರಗಿಸಿ ಒಳಗೆ ನಡೆದ.

ಅವರ ಊರಿದ್ದ ಕೋನಾ ತೀರದಲ್ಲಿ ಒಬ್ಬ ಗಂಡನಿಗೆ ಇಬ್ಬರು ಹೆಂಡಿರಿರುವುದು ಹೊಸದೇನಲ್ಲ. ಆದರೆ ಕಪೋಲಿ ಹನ್ನೆರಡು ವರ್ಷ ಒಬ್ಬಳೇ ಆಳಿದ ಮನೆಯದು. ಅಲ್ಲಿ ಅಡುಗೆ ಗಂಡಸರ ಕೆಲಸ. ನೆಲದೊಲೆ ತೆರೆದಾಗ ಬೆಂದ ಕೆಸುವಿನ ಮೊದಲ ಗೆಡ್ಡೆಯನ್ನು ಕೈವಿ ಅವಳ ಎಲೆಗೇ ಹಾಕುತ್ತಿದ್ದ. ಒಂದು ದಿನ ಅದು ಮೊಆನಿಯ ಎಲೆಗೆ ಬಿತ್ತು. ಅವನಿಗೆ ಅದು ನೆನಪೂ ಉಳಿಯಲಿಲ್ಲ. ಕಪೋಲಿ ಮಾತ್ರ ಅಂದು ತನ್ನ ಎಲೆಯನ್ನು ಹಾಗೇ ಮಡಚಿಟ್ಟಳು... ಮೊಆನಿ ಬಡಿದ ಬಟ್ಟೆ ತನ್ನದಕ್ಕಿಂತ ನಯ. ಮೊಆನಿ ನಕ್ಕರೆ ಅವನೂ ನಗುತ್ತಾನೆ. ಕೊನೆಗೆ, ಮೂರು ಹಸುಗೂಸುಗಳನ್ನು ಮಣ್ಣು ಮಾಡಿದ ಕಪೋಲಿಯ ಕಣ್ಣೆದುರೇ ಮೊಆನಿ ಬಸುರಿಯಾದಳು!

ಅಷ್ಟರಲ್ಲಿ ಉತ್ತರದ ಕೌಆಇ ದ್ವೀಪದ ಮೇಲೆ ದಂಡು ಹೊರಟಿತು. ಅದೊಂದು ಸೇರಿದರೆ ಎಲ್ಲ ದ್ವೀಪಗಳೂ ಒಂದೇ ರಾಜ್ಯ. ಹೊರಡುವ ಬೆಳಿಗ್ಗೆ ಕೈವಿ ಮೊಆನಿಯ ಹೊಟ್ಟೆಯ ಮೇಲೆ ಕೈಯಿಟ್ಟು ಬಹಳ ಹೊತ್ತು ನಿಂತ. ಆಮೇಲೆ ಕಪೋಲಿಯತ್ತ ತಿರುಗಿದ.

“ಇವಳನ್ನ ಚೆನ್ನಾಗಿ ನೋಡ್ಕೋ.”

ಅಷ್ಟೇ! ನೀನು ಹೇಗಿರ್ತೀಯ ಎಂದು ಒಂದು ಮಾತಿಲ್ಲ. ದೋಣಿ ಮರೆಯಾದರೂ ಕಪೋಲಿಯ ಹೊಟ್ಟೆಯೊಳಗಿನ ಬೆಂಕಿ ಆರಲಿಲ್ಲ.

ತಿಂಗಳು ಕಳೆದ ಮೇಲೆ ಒಂದು ಮಧ್ಯಾಹ್ನ, ಮನೆಯ ಹಿಂದೆ ಮೊಆನಿ ಬಸುರಿಯ ಬಯಕೆ ತಾಳಲಾರದೆ ಬಾಳೆಹಣ್ಣು ತಿನ್ನುವುದನ್ನು ಕಪೋಲಿ ಕಂಡಳು. ಇಬ್ಬರ ಕಣ್ಣೂ ಕೂಡಿದವು. ಆ ದ್ವೀಪಗಳ ದೇವರ ಕಟ್ಟಳೆಯಂತೆ ಹೆಂಗಸರಿಗೆ ಬಾಳೆಹಣ್ಣು ನಿಷಿದ್ಧ. ತಿಂದವಳಿಗೆ ಸಾವೇ ಶಿಕ್ಷೆ. ಅಂದೇ ಸಂಜೆ ಊರಿನ ಮೇಲ್ವಿಚಾರಕ ಬಂದವನು, “ಏನಮ್ಮ, ಸವತಿ ಹೇಗಿದಾಳೆ? ಕೈವಿಗೆ ಅವಳಂದ್ರೆ ಪ್ರಾಣವಂತೆ!” ಎಂದು ನಕ್ಕ.

“ಬಾಳೆಹಣ್ಣು ತಿನ್ನೋಳ ಮೇಲೆ ಪ್ರಾಣ!” ಕಪೋಲಿಯ ಬಾಯಿಂದ ಮಾತು ಜಾರಿಬಿಟ್ಟಿತು.

ಅವನ ನಗು ನಿಂತಿತು. “ಹೌದಾ? ಹಾಗಿದ್ರೆ ಬೆಳಿಗ್ಗೆ ಆಳು ಕಳಿಸ್ತೀನಿ. ಹೊಟ್ಟೇಲಿರೋದೂ ಅವಳ ಜೊತೆಗೇ ಹೋಗುತ್ತೆ, ಬಿಡು.”

ಅಯ್ಯೋ! ಹೊಟ್ಟೆಯಲ್ಲಿರುವುದು...! ತಾನು ಮಣ್ಣಿಗಿಟ್ಟ ಮೂರು ಪುಟ್ಟ ಮುಖಗಳು ಕಣ್ಣಿಗೆ ಕಟ್ಟಿದವು. ಅವನು ಅತ್ತ ಹೋದನೋ ಇಲ್ಲವೋ, ಕಪೋಲಿ ಓಡಿಬಂದು ಮೊಆನಿಯ ಕೈ ಹಿಡಿದೆಳೆದಳು.

“ಏಳು! ಬಾಳೆಹಣ್ಣಿನ ವಿಷಯ ಮೇಲ್ವಿಚಾರಕನಿಗೆ ಗೊತ್ತಾಗಿದೆ. ಕೊಲ್ಲಿಯಾಚೆ ದೇವರ ಜಾಗ ಇದೆ, ಆ ಆಶ್ರಯದ ಗೋಡೆಯೊಳಗೆ ಕಾಲಿಟ್ರೆ ಎಂಥಾ ತಪ್ಪಿದ್ರೂ ಯಾರೂ ನಿನ್ನ ಮುಟ್ಟಂಗಿಲ್ಲ. ದಾರೀಲಿ ಕಾವಲಿದೆ, ಕೊಲ್ಲಿ ಈಜಬೇಕು.”

“ಈ ಹೊಟ್ಟೆ ಹೊತ್ಕೊಂಡಾ ಅಕ್ಕಾ?”

“ನನ್ನ ಹೆಗಲು ಹಿಡ್ಕೋ!”

ನಡುನೀರಿನಲ್ಲಿ ಮೊಆನಿಯ ಉಸಿರು ಕಟ್ಟತೊಡಗಿತು. ಅವಳನ್ನು ಮೇಲೆತ್ತಿ ಹಿಡಿದ ಕಪೋಲಿ ಅಳುತ್ತಲೇ ಹೇಳಿದಳು: “ಹೇಳಿದ್ದು ನಾನೇ ಕಣೇ... ನಾನೇ ಪಾಪಿ...!”

“ಗೊತ್ತಾಯ್ತು ಅಕ್ಕಾ. ನೋಡಿದ್ದು ನೀವೊಬ್ಬರೇ.”

“ಗೊತ್ತಿದ್ದೂ ನನ್ನ ಹಿಂದೆ ಬಂದ್ಯಾ?”

“ಈ ದ್ವೀಪದಲ್ಲಿ ನಂಗೆ ಇನ್ಯಾರಿದಾರೆ?”

ಕಪೋಲಿ ಅವಳ ತೋಳನ್ನು ತನ್ನ ಕೊರಳಿಗೆ ಸುತ್ತಿಕೊಂಡು ಈಜಿದಳು. ಕಪ್ಪು ಕಲ್ಲಿನ ದಡ ಮುಟ್ಟುವಾಗ ಅವಳ ಮೊಣಕಾಲುಗಳಿಂದ ರಕ್ತ ಸುರಿಯುತ್ತಿತ್ತು. ಆಶ್ರಯದ ಗೋಡೆಯೊಳಗಿದ್ದ ಪೂಜಾರಿ ಮೊಆನಿಯ ಮೇಲೆ ನೀರು ಚಿಮುಕಿಸಿ ತಪ್ಪು ಕಳೆದ. ಇನ್ನು ಯಾರೂ ಅವಳನ್ನು ಕೇಳುವಂತಿರಲಿಲ್ಲ. ಇಬ್ಬರೂ ಮನೆಗೆ ಮರಳಿದರು. ಹೆಣ್ಣು ಮಗು ಹುಟ್ಟಿದಾಗ ಅದನ್ನು ಮೊದಲು ಕೈಗೆತ್ತಿಕೊಂಡವಳು ಕಪೋಲಿ.

ಮಗುವಿಗೆ ಹನ್ನೆರಡು ದಿನವಾದಾಗ ಸುದ್ದಿ ಬಂತು. ಕೌಆಇ ತಲುಪುವ ಮುನ್ನವೇ ಬಿರುಗಾಳಿಗೆ ದಂಡಿನ ದೋಣಿಗಳು ಮಗುಚಿದ್ದವು. ಕೈವಿಯ ದೋಣಿಯಲ್ಲಿ ಬದುಕಿದವನು ಒಬ್ಬನೇ. ಅವನು ಅಂಗಳದಲ್ಲಿ ಕುಳಿತು ಕಣ್ಣೊರೆಸಿಕೊಂಡ.

“ಮುಳುಗೋ ಮುಂಚೆ ಒಂದು ಹೆಸರು ಕೂಗ್ದ ತಾಯಿ... ಮೂರು ಸಲ ಕೂಗ್ದ...”

ಕಪೋಲಿ ಅವನತ್ತ ಬಾಗಿದಳು. ಯಾರ ಹೆಸರು? ಹನ್ನೆರಡು ವರ್ಷ ಜೊತೆಗೆ ಬಾಳಿದವಳದೋ, ಒಂದು ವರ್ಷ ಬಾಳಿದವಳದೋ? ಒಂದೇ ಒಂದು ಸಲ ತನ್ನದೆಂದು ಕೇಳಿಸಿಕೊಂಡರೆ ಸಾಕು, ಉಳಿದ ಬಾಳನ್ನು ಅದರಲ್ಲೇ ಕಳೆದೇನು! ಅವಳು ಪಕ್ಕಕ್ಕೆ ನೋಡಿದಳು. ಮಗುವನ್ನು ಎದೆಗೊತ್ತಿಕೊಂಡ ಮೊಆನಿಯ ಕಣ್ಣಲ್ಲೂ ಅದೇ ಹಸಿವಿತ್ತು.

“ಹೇಳ್ಬೇಡಪ್ಪ,” ಎಂದಳು ಕಪೋಲಿ.

“ಯಾಕೆ ತಾಯಿ...?”

“ಯಾರ ಹೆಸರಾದ್ರೂ ಇನ್ನೊಬ್ಬಳಿಗೆ ಈ ಮನೇಲಿ ಉಸಿರಾಡೋಕಾಗಲ್ಲ. ನಿನ್ನಲ್ಲೇ ಇಟ್ಕೋ.”

ಮೊಆನಿ ಬಿಕ್ಕುತ್ತ ಅವಳ ತೋಳಿಗೆ ಒರಗಿದಳು.

ಹದಿನಾಲ್ಕು ವರ್ಷಗಳ ಮೇಲೆ ಕೌಆಇಯ ದೊರೆ ಯುದ್ಧವಿಲ್ಲದೆ ತಾನಾಗಿ ಶರಣಾದ. ದ್ವೀಪಗಳೆಲ್ಲ ಒಂದೇ ಅರಸನ ಕೆಳಗೆ ಬಂದುವೆಂದು ಊರೆಲ್ಲ ಡೋಲು ಬಡಿದು ಕುಣಿಯಿತು. ಅದೇ ವಾರ, ಕೈವಿಯ ದೋಣಿಯಿಂದ ಬದುಕಿ ಬಂದಿದ್ದವನು ಆ ಹೆಸರನ್ನು ಯಾರಿಗೂ ಹೇಳದೆಯೇ ತೀರಿಕೊಂಡ. ಅವನ ಗುಡಿಸಲಿನ ಮುಂದೆ ಇಬ್ಬರು ಹೆಂಗಸರು ಎಲ್ಲರಿಗಿಂತ ಹೆಚ್ಚು ಹೊತ್ತು ಅತ್ತರು. ಯಾಕೆಂದು ಯಾರಿಗೂ ತಿಳಿಯಲಿಲ್ಲ. ಅವರೂ ಒಬ್ಬರನ್ನೊಬ್ಬರು ಕೇಳಿಕೊಳ್ಳಲಿಲ್ಲ.