ಗೋಡೆ ತಟ್ಟಿದವರು

ಒಂದಕ್ಕೊಂದು ಹೆಗಲು ಕೊಟ್ಟು ನಿಂತ ಹಳೆಯ ಮನೆಗಳ ಸಾಲಿನಲ್ಲಿ, ಕೆಡವಿದ ಒಂದು ಮನೆಯ ಜಾಗಕ್ಕೆ ತುರುಕಿದ ಬೂದು ಡಬ್ಬಿಯಂಥ ಹೊಸ ಮನೆ ನಮ್ಮದು. ಬೀದಿಯವರೆಲ್ಲ ಮೂಗು ಮುರಿದರೂ ನನಗೂ ನನ್ನವಳಿಗೂ ಅದು ಅರಮನೆಯೇ. ಮೊದಲ ಸಂಜೆ ಅಡುಗೆಮನೆಯ ಗೋಡೆಯನ್ನು ಯಾರೋ ಮೆಲ್ಲಗೆ ಮೂರು ಸಲ ತಟ್ಟಿದರು. ಮುಟ್ಟಿ ನೋಡಿದರೆ, ತಣ್ಣಗಿನ ಗೋಡೆ ಅಲ್ಲಿ ಮಾತ್ರ ಅಂಗೈಯಗಲ ಬೆಚ್ಚಗಿತ್ತು. ಪಕ್ಕದ ಮನೆಯ ದರ್ಜಿ ಅಜ್ಜಿ ಇರಬೇಕೆಂದು ನಾನೂ ತಟ್ಟಿದೆ.

ಮರುದಿನ ಅಜ್ಜಿಯೇ ಬಂದರು. "ಮನೆ ನೋಡೋಕೆ ಚೆನ್ನಾಗಿಲ್ಲ ಕಣಪ್ಪ, ಆದ್ರೆ ನೀವು ಒಳ್ಳೇವ್ರು. ಇಲ್ಲಿದ್ದ ಹಳೇ ಮನೆಯ ಗೆಳತಿ ತೀರಿಹೋದ್ಮೇಲೆ, ಗೋಡೆ ತಟ್ಟಿ 'ಟೀ ಆಯ್ತಾ' ಅಂತ ಕೇಳೋರೇ ಇರ್ಲಿಲ್ಲ. ಈಗ ಒಂದು ತಿಂಗಳಿಂದ ದಿನಾ ಸಂಜೆ ತಟ್ತೀರಲ್ಲ, ಜೀವಕ್ಕೆ ಎಷ್ಟೋ ಹಿತ."

"ಇನ್ಮೇಲೂ ತಟ್ತೀವಿ ಅಜ್ಜಿ," ಎಂದಳು ನನ್ನವಳು, ನನ್ನ ಕೈಯನ್ನು ಬಿಗಿಯಾಗಿ ಹಿಡಿದು.

ನಮಗೆ ಬೀಗದ ಕೈ ಸಿಕ್ಕಿದ್ದು ಹಿಂದಿನ ದಿನ ಬೆಳಿಗ್ಗೆ.