ಬೀಸುವ ಪದಕ್ಕೆ ಒಂದು ಹೆಜ್ಜೆ

“ಚೀಟಿಂಗ್! ದಾಕ್ಷಿ, ಇದು ಪಕ್ಕಾ ಚೀಟಿಂಗ್!” ಎಂದು ರಘುನಾಥ ಭಯ್ಯಾ ಸ್ಪೀಕರ್ ನಿಲ್ಲಿಸಿದ.

ಎರಡು ಕಂಬಿಗಳ ನಡುವೆ ದಾಕ್ಷಾಯಣಿ ಕೊಕ್ಕರೆಯಂತೆ ನಿಂತಿದ್ದಳು. ಹಾಡಿನ ಒಂದೊಂದು ಬೀಟಿಗೂ ಒಂದೊಂದು ಹೆಜ್ಜೆ ಇಡಬೇಕಿತ್ತು. ಅವಳು ಒಂದು ಬೀಟನ್ನೂ ತಪ್ಪಿಸಿರಲಿಲ್ಲ. ಆದರೆ ಎಲ್ಲವನ್ನೂ ಎಡಗಾಲಿನಲ್ಲೇ ಕುಪ್ಪಳಿಸಿ ಮುಗಿಸಿದ್ದಳು.

“ಬಲಗಾಲನ್ನು ಯಾರಿಗೆ ಬಾಡಿಗೆಗೆ ಕೊಟ್ಟೆ?”

“ಭಯ್ಯಾ, ಒಳಗೆ ರಾಡ್ ಇದೆ. ಟೂಟ್ ಗಯಾ ತೋ? ಮುರಿದುಹೋದರೆ?”

ಗಂಗೆಯ ಘಾಟಿನ ಮೆಟ್ಟಿಲ ಮೇಲೆ ಜಾರಿ ಬಿದ್ದು, ಆಪರೇಷನ್ ಆಗಿ ಎರಡು ತಿಂಗಳಾಗಿತ್ತು. ಮೂಳೆ ಕೂಡಿಕೊಂಡಿದೆ ಎಂದು ಎಕ್ಸ್‌ರೇ ಹೇಳಿತ್ತು. ದಾಕ್ಷಿಗೆ ಎಕ್ಸ್‌ರೇಯ ಮೇಲೆ ನಂಬಿಕೆ ಬಂದಿರಲಿಲ್ಲ.

ಕಾಶಿಯ ಭೇಲೂಪುರದ ಆ ಕ್ಲಿನಿಕ್ಕಿನಲ್ಲಿ ಮಕ್ಕಳನ್ನು ಹಾಡು ಹಾಕಿ ನಡೆಸುವುದೇ ರಘುನಾಥನ ಕೆಲಸ. ಅವನು ಅವಳ ಮುಂದೆ ಕುಕ್ಕರುಗಾಲಿನಲ್ಲಿ ಕುಳಿತ. “ನೆಲಕ್ಕೆ ಊರದೇ ಇದ್ದರೆ ಕಾಲಿಗೆ ನಡಿಗೆಯೇ ಮರೆತುಹೋಗುತ್ತದೆ, ಬೇಟಾ. ನನ್ನ ಹಾಡು ಬೇಡವಾದರೆ ಬಿಡು. ನಿಮ್ಮ ಮನೆಯಲ್ಲಿ ಯಾರು ಹಾಡುತ್ತಾರೆ?”

“ಏನಂತಾನವಾ ಅವ?” ಬೆಂಚಿನ ಮೇಲಿದ್ದ, ಹಿಂದಿ ತಿಳಿಯದ ಸಂಗಮ್ಮಜ್ಜಿ ಕೇಳಿದಳು. ತಾನು ಕೆಲಸ ಮಾಡುವ ಮಠದ ಅಡುಗೆಮನೆಯಿಂದ ನೇರವಾಗಿ ಬಂದವಳ ಸೆರಗಿನಲ್ಲಿ ಇನ್ನೂ ಒಗ್ಗರಣೆಯ ವಾಸನೆಯಿತ್ತು.

“ಮನೇಲಿ ಯಾರು ಹಾಡ್ತಾರೆ ಅಂತ ಪೂಛ್ತಾ ಇದಾರೆ, ಅಜ್ಜಿ.”

“ನಮ್ಮನ್ಯಾಗ? ಕುಕ್ಕರ್ ಹಾಡತೈತಿ ಅನ್ನು.”

ದಾಕ್ಷಿಗೆ ನಗು ಬಂತು. ನಗುವಿನ ಹಿಂದೆಯೇ ಮತ್ತೇನೋ ಬಂತು.

ಕಾಶಿಗೆ ಬರುವುದಕ್ಕೆ ಮೊದಲು, ಅವಳು ನಾಲ್ಕು ವರ್ಷದವಳಿದ್ದಾಗ, ಊರಿನಲ್ಲಿ ಅಜ್ಜಿಯ ತೊಡೆಯೇ ದಿಂಬು. ಬೀಸುವ ಕಲ್ಲು ತಿರುಗಿದಂತೆ ತೊಡೆಯೂ ದೋಣಿಯ ಹಾಗೆ ತೂಗುತ್ತಿತ್ತು. ಬಿಸಿ ಹಿಟ್ಟಿನ ಪರಿಮಳ. ಬೆಳಕು ಹರಿಯುವ ಮೊದಲೇ ಎದ್ದು ಕುಳಿತ ಒಂದು ದನಿ. ಪದಗಳೆಲ್ಲ ಅಳಿಸಿಹೋಗಿದ್ದವು; ದನಿ ಮಾತ್ರ ಎಲ್ಲೋ ಉಳಿದಿತ್ತು.

“ಅಜ್ಜಿ, ನೀನು ಬೀಸುವಾಗ ಹಾಡ್ತಿದ್ದೆಯಲ್ಲ, ಅದು?”

ಅಜ್ಜಿ ತನ್ನ ಅಂಗೈ ನೋಡಿಕೊಂಡಳು. “ಮಿಕ್ಸಿ ಮುಂದ ಕುಂತು ಯಾರು ಹಾಡತಾರವಾ? ಕೈಯಾಗ ಗೂಟ ಇರಬೇಕು. ಗೂಟ ತಿರುಗಿದ್ರ ಬಾಯಾಗ ಪದ. ಇಲ್ಲಾಂದ್ರ ಇಲ್ಲ.”

ದಾಕ್ಷಿ ಅದನ್ನು ಹಿಂದಿಯಲ್ಲಿ ಹೇಳಿದಳು. ರಘುನಾಥ ಕೋಣೆಯ ಸುತ್ತ ಕಣ್ಣಾಡಿಸಿದ. ಭುಜನೋವಿನವರು ತಿರುಗಿಸುವ ಚಕ್ರವೊಂದು ಗೋಡೆಗಿತ್ತು. ಅದಕ್ಕೊಂದು ಮರದ ಹಿಡಿ.

“ಮಾತಾಜಿ, ಯೇ ಚಲೇಗಾ?” ಇದು ಆದೀತೇ ಎಂದು ಚಕ್ರ ತೋರಿಸಿ ಕೇಳಿದ.

“ಗ್ವಾಡಿಗೆ ಬೀಸೋಕಲ್ಲು ಬಡದಾರ! ಹುಚ್ಚು ಮಂದಿ,” ಎನ್ನುತ್ತಲೇ ಅಜ್ಜಿ ಸೆರಗು ಸಿಕ್ಕಿಸಿ ಎದ್ದಳು.

ಮೊದಲು ಚಕ್ರವಷ್ಟೇ ಕಿರುಗುಟ್ಟಿತು. ಅಜ್ಜಿಯ ಸೊಂಟಕ್ಕೆ ಹಳೆಯ ತೂಗಾಟ ಮರಳಿದ ಮೇಲೆ ಹಾಡೂ ಬಂತು. ದನಿ ಒಡೆದಿತ್ತು, ದಾರಿ ಮರೆತಿರಲಿಲ್ಲ.

ಆ ಹಾಡಿಗೆ ಅವಸರವಿರಲಿಲ್ಲ. ದಾಕ್ಷಿಯ ಎಡಗಾಲು ಹೊರಟಿತು. ಬಲಗಾಲು ನೆಲವನ್ನು ಮುಟ್ಟಿಯೂ ಮುಟ್ಟದಂತೆ ಹಿಂಬಾಲಿಸಿತು. ಚಕ್ರ ಇನ್ನೊಂದು ಸುತ್ತು ತಿರುಗಿತು. ಎಡ, ಬಲ. ಮತ್ತೆ ಎಡ, ಮತ್ತೆ ಬಲ.

ಹಾಡು ಥಟ್ಟನೆ ನಿಂತಿತು.

ದಾಕ್ಷಿಯೂ ನಿಂತಳು. ಎಡಗಾಲು ಗಾಳಿಯಲ್ಲಿತ್ತು. ಬಲಗಾಲು ನೆಲದ ಮೇಲಿತ್ತು, ಇಡೀ ದಾಕ್ಷಿಯನ್ನು ಹೊತ್ತುಕೊಂಡು.

“ಕ್ಯಾ ಹುವಾ? ಮರೆತರಾ?” ಎಂದು ರಘುನಾಥ ಪಿಸುಗುಟ್ಟಿದ.

“ಷ್!” ಎಂದಳು ದಾಕ್ಷಿ.

ಅಜ್ಜಿ ಮರೆತಿರಲಿಲ್ಲ. ಅವಳ ಎಡಗೈ ಪಕ್ಕದಲ್ಲಿಲ್ಲದ ಮೊರಕ್ಕೆ ಇಳಿದು, ಒಂದು ಹಿಡಿ ತುಂಬಿಕೊಂಡು, ಚಕ್ರದ ನಡುವಿಗೆ ಬಂದು ನಿಂತಿತ್ತು. ಬೀಸುವವರು ಕಲ್ಲಿನ ಬಾಯಿಗೆ ಜೋಳ ಹಾಕುವ ಹೊತ್ತು ಅದು. ಆಗ ಕಲ್ಲು ಮೆಲ್ಲಗಾಗುತ್ತದೆ, ಹಾಡು ಕಾಯುತ್ತದೆ. ಅಜ್ಜಿಯ ಕಣ್ಣುಗಳು ಈ ಕೋಣೆಯಲ್ಲಿರಲಿಲ್ಲ, ಕಾಶಿಯಲ್ಲೂ ಇರಲಿಲ್ಲ.

ದಾಕ್ಷಿಯ ಕಾಲು ನಡುಗಿತು. ಏನೂ ಮುರಿಯಲಿಲ್ಲ. ‘ಅಜ್ಜಿ, ನೋಡು, ನಿಂತೆ!’ ಎಂದು ಕೂಗುವ ಆಸೆ ಗಂಟಲಿನ ತನಕ ಬಂತು.

ಅವಳು ಕೂಗಲಿಲ್ಲ. ಅಜ್ಜಿಯ ಬೆರಳುಗಳ ಸಂದಿಯಿಂದ ಊರಿನ ಜೋಳವೆಲ್ಲ ಸುರಿದು ಮುಗಿಯುವವರೆಗೆ ಆ ಕಾಲಿನ ಮೇಲೆಯೇ ಕಾದಳು.